ಅಮ್ಮ ಹೇಳಿದ ಕಪ್ಪೆ

ಅಮ್ಮ ತೀರಿಕೊಂಡ ಮೇಲೆ ಬಾಡಿಗೆ ಮನೆ ಖಾಲಿ ಮಾಡುವ ಕೆಲಸ ಅಕ್ಕನ ತಲೆಗೇ ಬಂತು. ಅವಳು ದರ್ಜಿ, ಕತ್ತರಿಸುವುದು, ಮಡಚುವುದು, ಗಂಟು ಕಟ್ಟುವುದು ಕೈಗೆ ಕೂತಿದ್ದ ಕೆಲಸ. ಅಳು ಮಾತ್ರ ಬಂದಿರಲಿಲ್ಲ. ನೆಂಟರು ‘ಗಟ್ಟಿ ಜೀವ’ ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೆ.

ಬೀರುವಿನ ತಳದಲ್ಲಿ ಪ್ರಾಣಿಗಳ ನೀತಿಕಥೆಯ ಪುಸ್ತಕ ಸಿಕ್ಕಿತು. ಅಜ್ಜಿಯ ಅಪ್ಪ ಕೊಂಡಿದ್ದು, ನೂರು ವರ್ಷ ದಾಟಿದ್ದು. ಬಣ್ಣದ ಚಿತ್ರಗಳಿಗೆ ತೆಳು ಕಾಗದದ ಹೊದಿಕೆ. ನರಿಗೆ ಕೋಟು, ಕೊಕ್ಕರೆಗೆ ಕನ್ನಡಕ. ಪುಸ್ತಕದ ಬೆನ್ನು ಕಿತ್ತುಹೋಗಿತ್ತು.

ಮನೆಗೆ ಕರೆಸಿದ್ದ ಹಳೇ ಪುಸ್ತಕದ ವ್ಯಾಪಾರಿ ಅದನ್ನು ತಿರುವಿ ನೋಡಿದ. “ಪುಸ್ತಕ ಅಂತ ಯಾರೂ ಮುಟ್ಟಲ್ಲಮ್ಮ. ಚಿತ್ರ ಬೇರೆ ಮಾಡಿ ಗಾಜಿನ ಕಟ್ಟು ಹಾಕಿಸಿದ್ರೆ ಮಾರಾಟ ಆಗುತ್ತೆ. ಕತ್ತರಿಸ್ಲಾ?”

“ಕತ್ತರಿಸಿ.”

ಅವನು ಊಟದ ಮೇಜಿನ ಮೇಲೆ ಬ್ಲೇಡು ಆಡಿಸುತ್ತಿದ್ದಾಗ ತಂಗಿ ಬಂದಳು, ಆಸ್ಪತ್ರೆಯಿಂದ ನೇರವಾಗಿ, ನರ್ಸಿನ ಬಟ್ಟೆಯಲ್ಲೇ.

“ಅಯ್ಯೋ, ಏನೇ ಅಕ್ಕಾ ಇದು!”

“ಇನ್ನು ಓದೋರ್ಯಾರು?”

ತಂಗಿ ಉದುರಿದ ಪುಟಗಳನ್ನು ಬಾಚಿಕೊಂಡು ಕೂತಳು. ಎತ್ತಿನಷ್ಟು ದಪ್ಪಗಾಗಲು ಹೊರಟ ಕಪ್ಪೆಯ ಕಥೆಯನ್ನು ಗಟ್ಟಿಯಾಗಿ ಓದತೊಡಗಿದಳು. ಕೊನೆಗೆ ಬಂದು ತಡವರಿಸಿದಳು. “ಹೊಟ್ಟೆ ಒಡೆದು ಸತ್ತುಹೋಯ್ತು ಅಂತಿದೆ.”

“ಸುಳ್ಳು. ಸುಸ್ತಾಗಿ ಮನೆಗೆ ಹೋಗಿ ಮಲಗುತ್ತೆ.”

“ಅದು ಅಮ್ಮ ಹೇಳಿದ್ದು ಕಣೇ. ಇಲ್ಲಿ ಹಾಗಿಲ್ಲ.”

“ಕುರಿಮರಿ?”

ತಂಗಿ ಹುಡುಕಿದಳು. “ತೋಳ ತಿಂದುಬಿಡುತ್ತೆ.”

ಅಮ್ಮನ ಕುರಿಮರಿ ಹೊಳೆ ದಾಟಿ ಓಡಿಹೋಗಿತ್ತು. ಅಮ್ಮನ ಇರುವೆ ಮಿಡತೆಯನ್ನು ಒಳಗೆ ಕರೆದು ಹಾಡಿಸಿತ್ತು.

“ನಮ್ಮಮ್ಮ ಪಾಪ, ಕಪ್ಪೆ ಹೊಟ್ಟೆ ಒಡೆಸೇಬಿಟ್ಟಿದ್ರು,” ಎಂದ ವ್ಯಾಪಾರಿ.

ತಂಗಿಗೆ ನಗು ಒತ್ತರಿಸಿ ಬಂತು. “ಅಮ್ಮ ನಮ್ಮಿಬ್ಬರನ್ನೂ ಎಷ್ಟು ನಾಜೂಕಾಗಿ ಏಮಾರಿಸಿದ್ದಾಳೆ ನೋಡೇ!” ನಗುತ್ತಲೇ ಅತ್ತಳು. ಅಕ್ಕ ಅವಳ ಬೆನ್ನು ಸವರಿದಳು, ತನಗೂ ಈಗ ಅಳು ಬರಬಹುದೆಂದು ಕಾದಳು. ಬರಲಿಲ್ಲ.

“ಉಳಿದ ಚಿತ್ರ?” ಬ್ಲೇಡು ಕೆಳಗಿಟ್ಟು ವ್ಯಾಪಾರಿ ಕೇಳಿದ.

ತಂಗಿ ಅಕ್ಕನ ಮುಖ ನೋಡಿದಳು. “ಒಯ್ಯಿರಿ, ಕಥೆಯ ಪುಟ ಮಾತ್ರ ಬಿಟ್ಟುಹೋಗಿ,” ಎಂದಳು ಅಕ್ಕ.

ಅವನು ಹೋದ ಮೇಲೆ ಅವಳು ದಪ್ಪ ಸೂಜಿಗೆ ದಾರ ಪೋಣಿಸಿ ಪುಟಗಳನ್ನು ಹೊಲಿಯಲು ಕೂತಳು, ತಂಗಿಯ ಮಗಳಿಗೆಂದು. ಅರ್ಧ ಹೊಲಿದಿದ್ದಳು, ತಂಗಿ ಗಬಕ್ಕನೆ ಅವಳ ಕೈ ಹಿಡಿದಳು. ಬೆರಳಿನಿಂದ ರಕ್ತ ತೊಟ್ಟಿಕ್ಕಿ ಅಂಚು ಕೆಂಪಗಾಗಿತ್ತು.

“ನೋವೇ ಆಗ್ಲಿಲ್ವೇನೇ?”

“ಗೊತ್ತಾಗ್ಲಿಲ್ಲ.”

ತಂಗಿ ಬೆರಳು ತೊಳೆದು ಪಟ್ಟಿ ಸುತ್ತಿದಳು, ಮತ್ತೆ ಕೈ ಬಿಡಲೇ ಇಲ್ಲ.