ಗೆರೆಯಾಚೆಯ ತೀರ್ಥ

ಸುಂಕದಕಟ್ಟೆಯಲ್ಲಿ ಮಾಗಡಿ ರಸ್ತೆಗೆ ಮುಖ ಮಾಡಿ ನಿಂತ ಆ ಕಲ್ಯಾಣ ಮಂಟಪಕ್ಕೆ ಹನುಮಯ್ಯನವರು ಮ್ಯಾನೇಜರಾಗಿ ಇಪ್ಪತ್ತೇಳು ವರ್ಷ. ಅಷ್ಟು ವರ್ಷಗಳಲ್ಲಿ ಅಲ್ಲಿ ಶುರುವಾದ ಕಾರ್ಯ ಯಾವುದೂ ಅರ್ಧಕ್ಕೆ ನಿಂತದ್ದಿಲ್ಲ. ಸಾಂಬಾರಿನ ಕೊಪ್ಪರಿಗೆ ಮಗುಚಿದ್ದಿದೆ, ಗಂಡಿನ ಸೋದರಮಾವ ಮುನಿಸಿಕೊಂಡು ಆಟೋ ಹತ್ತಿದ್ದಿದೆ, ಕರೆಂಟು ಹೋಗಿ ಮೊಬೈಲ್ ಬೆಳಕಿನಲ್ಲಿ ಧಾರೆ ಎರೆದದ್ದಿದೆ. ಆದರೂ ಕೊನೆಗೆ ಎಲ್ಲರೂ ಉಂಡು, ತಾಂಬೂಲ ಹಿಡಿದೇ ಹೊರಟಿದ್ದಾರೆ. ಕೊರೋನಾ ಬಂದ ವರ್ಷ ಮಾತ್ರ ಒಂದು ಮದುವೆ ಚಪ್ಪರದ ಶಾಸ್ತ್ರಕ್ಕೇ ನಿಂತುಹೋಯಿತು. ಬಾಳೆಕಂಬ ಬಾಗಿಲಲ್ಲೇ ಒಣಗಿತು. ಅದನ್ನು ಕಿತ್ತು ಹಾಕಿದ ದಿನ ಹನುಮಯ್ಯನವರು ಊಟ ಮಾಡಲಿಲ್ಲ.

ಮರುವರ್ಷವೂ ಮದುವೆಗೆ ಐವತ್ತೇ ಜನ ಎಂಬ ಕಟ್ಟಳೆ ಇತ್ತು. ಮಂಟಪ ಭಣಗುಡುತ್ತಿತ್ತು. ಆಗ ಕಬಡ್ಡಿ ಲೀಗಿನವರು ಬಂದು, ಹದಿನಾರು ದಿನಕ್ಕೆ ಇಡೀ ಮಂಟಪ ಬೇಕು ಎಂದರು. ಹನುಮಯ್ಯನವರು ಕೇಳಿದ್ದು ಒಂದೇ ಮಾತು: "ಕೊನೇವರೆಗೂ ನಡೆಯುತ್ತಾ?"

ಲೀಗಿನವರು ನಿಟ್ಟುಸಿರು ಬಿಟ್ಟರು. ಹಿಂದಿನ ವರ್ಷ ಅವರ ಪಂದ್ಯಾವಳಿಯೂ ಆರನೆಯ ದಿನಕ್ಕೆ ನಿಂತಿತ್ತು. ಆಟಗಾರನೊಬ್ಬ ಗುಟ್ಟಾಗಿ ಗೆಳೆಯನ ಕೈಲಿ ಬಿರಿಯಾನಿ ತರಿಸಿಕೊಂಡಿದ್ದ, ಜೊತೆಗೆ ಜ್ವರವೂ ಬಂದಿತ್ತು. ಈ ಸಲವೂ ನಿಂತರೆ ಲೀಗೇ ಮುಚ್ಚಿದಂತೆ. ಆಟವನ್ನೇ ನಂಬಿಕೊಂಡ ನಲವತ್ತೆಂಟು ಹುಡುಗರು ಬೇರೆ ದಾರಿ ನೋಡಬೇಕು.

"ನಡೆಸೋಣ ಬನ್ನಿ," ಎಂದರು ಹನುಮಯ್ಯನವರು, ತಾವೇ ಹೆಣ್ಣಿನ ತಂದೆಯೋ ಎಂಬಂತೆ.

ಊಟದ ಹಾಲಿನ ಮೇಜುಗಳು ಹೊರಬಿದ್ದು ಅಲ್ಲಿ ಮ್ಯಾಟ್ ಹಾಸಿದ್ದಾಯಿತು. ನಾಲ್ಕು ತಂಡಗಳು ಕೋಣೆ ಹಿಡಿದವು. ಬೆಂಗಳೂರಿನ ತಂಡಕ್ಕೆ ಗಂಡಿನ ಕಡೆಯವರ ಕೋಣೆಗಳು, ಗದಗಿನ ತಂಡಕ್ಕೆ ಹೆಣ್ಣಿನ ಕಡೆಯವು. ಕೋಣೆಯ ಬಾಗಿಲುಗಳ ಮೇಲೆ ಹಾಗೆಂದೇ ಬರೆದಿತ್ತು, ಯಾರೂ ಅಳಿಸಲಿಲ್ಲ. ಅಲ್ಲಿಗೆ ಹುಡುಗರಿಗೆ ಹದಿನಾರು ದಿನದ ಕೆಲಸ ಸಿಕ್ಕಿತು.

"ಏನ್ ಬೀಗರೇ, ಹೆಣ್ಣು ರೆಡಿನಾ?" ಎಂದು ಬೆಂಗಳೂರಿನ ನಾಯಕ ಶಶಿಕುಮಾರ್ ಮೆಟ್ಟಿಲ ಮೇಲಿಂದ ಕೂಗುವನು.

"ರೆಡಿ ಐತ್ರಿ ಬೀಗರ," ಎನ್ನುವನು ಗದಗಿನ ರೈಡರ್ ವೀರೇಶ. "ನಿಮ್ಮ ಹುಡುಗನ ಕಾಲು ಗಟ್ಟಿ ಅದಾವೇನು ನೋಡ್ಕೋರಿ. ನಾವು ಹಿಡದ್ರ ಬಿಡಂಗಿಲ್ಲ."

ಇವರನ್ನೆಲ್ಲ ಕಾಯಲು ಬಂದವಳು ಜ್ಯೋತಿಲಕ್ಷ್ಮಿ ಸಿಸ್ಟರ್. ಕಾಂಪೌಂಡಿನ ಒಳಗೆ ಸುಣ್ಣದ ಗೆರೆ ಎಳೆಸಿ, ಇದರಾಚೆಗೆ ಯಾರೂ ಕಾಲಿಡಬಾರದು ಎಂದಳು. ಮೂರು ದಿನಕ್ಕೊಮ್ಮೆ ಎಲ್ಲರ ಮೂಗಿಗೂ ಕಡ್ಡಿ. ದಿನಾ ಬೆಳಿಗ್ಗೆ ಹಣೆಗೆ ಥರ್ಮಾಮೀಟರ್ ಹಿಡಿದು ಮೂರು ಪ್ರಶ್ನೆ: ಜ್ವರ ಇದೆಯಾ? ಕೆಮ್ಮು ಇದೆಯಾ? ಹೊರಗಿನವರ ಕೈಯಿಂದ ಏನಾದರೂ ತಗೊಂಡ್ರಾ?

ಅವಳು ಒಂದು ಹೇಳಿದರೆ ಹನುಮಯ್ಯನವರು ಎರಡು ಮಾಡುವವರು. ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ಸ್ನಾನ ಮಾಡಿಸಿದರು. ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡವನನ್ನು ಕಂಡರೆ, "ಗಡ್ಡಕ್ಕೆ ಜ್ವರ ಬರಲ್ಲ ಕಣಪ್ಪಾ, ಮೇಲಕ್ಕೆ ಎಳ್ಕೋ," ಎನ್ನುತ್ತಿದ್ದರು. ಹೆಂಡತಿ ಚಿಕ್ಕಗಂಗಮ್ಮ ಉಪ್ಸಾರು ತಂದಾಗ ಗೇಟಿನಾಚೆಯೇ ಸ್ಟೂಲಿನ ಮೇಲೆ ಇಡಿಸಿ, ಹತ್ತು ಹೆಜ್ಜೆ ಹಿಂದೆ ನಿಂತು, "ಹೋಗು ಹೋಗು," ಎಂದು ಕೈ ಬೀಸಿದರು.

"ಈ ಬುದ್ಧಿ ಮೂವತ್ತೈದು ವರ್ಷದ ಹಿಂದೇನೇ ಬಂದಿದ್ರೆ ನಾನೂ ನೆಮ್ಮದಿಯಾಗಿರ್ತಿದ್ದೆ," ಎಂದು ಚಿಕ್ಕಗಂಗಮ್ಮ ಬಂದ ದಾರಿ ಹಿಡಿದಳು.

ಇಂಥ ಮನುಷ್ಯ ದಿನಾ ಬೆಳಗಿನ ಜಾವ, ಬೇರೆಯವರು ಏಳುವ ಮೊದಲೇ, ಆ ಸುಣ್ಣದ ಗೆರೆ ದಾಟುತ್ತಿದ್ದರು ಎಂದರೆ ನಂಬುವುದು ಕಷ್ಟ.

ಗೇಟಿನ ಪಕ್ಕದಲ್ಲಿ ಮಾರಮ್ಮನ ಪುಟ್ಟ ಗುಡಿ. ಗೆರೆಯಿಂದ ಏಳು ಹೆಜ್ಜೆ ದೂರ. ಅಮ್ಮನಿಗೆ ದೀಪ ಹಚ್ಚದೆ ಹನುಮಯ್ಯನವರು ಮಂಟಪದ ಬೀಗ ತೆಗೆದವರಲ್ಲ. ದೀಪ ಹಚ್ಚಿ ಕೈ ಮುಗಿದರೆ ಪೂಜಾರಿ ಅಂಜಿನಯ್ಯ ತೀರ್ಥ ಕೊಡುವನು. ಮಾಸ್ಕು ಕೆಳಗಿಳಿಸಿ ಕುಡಿದು, ಉಳಿದ ಹನಿಯನ್ನು ನೆತ್ತಿಗೆ ಸವರಿಕೊಂಡು, ಅಂಜಿನಯ್ಯನ ಮಂಡಿನೋವಿನ ವಿಚಾರ ಕಾಲುಗಂಟೆ ಕೇಳಿ, ಕುಂಕುಮವನ್ನು ಕಾಗದದಲ್ಲಿ ಕಟ್ಟಿಕೊಂಡು ಒಳಗೆ ಬರುವರು. ಬಂದು ಸಿಸ್ಟರ್ ಮುಂದೆ ನಿಂತು ಮೂರು ಪ್ರಶ್ನೆಗೂ "ಇಲ್ಲಮ್ಮ" ಎನ್ನುವರು.

ಅವರು ಸುಳ್ಳು ಹೇಳುವವರಲ್ಲ. ತೀರ್ಥ ಕೊಟ್ಟವಳು ಅಮ್ಮ. ಅಂಜಿನಯ್ಯ ಅವಳ ಕೈಯಲ್ಲಿನ ಉದ್ಧರಣೆ ಅಷ್ಟೆ. ಅಮ್ಮನೋ, ಆ ಮಂಟಪಕ್ಕೇ ಹಿರಿಯಳು. ಅವಳನ್ನು ಹೊರಗಿನವರ ಸಾಲಿಗೆ ಸೇರಿಸುವುದು ಹನುಮಯ್ಯನವರ ಕನಸಿಗೂ ಬಾರದ ಮಾತು.

ಆ ಕುಂಕುಮ ವೀರೇಶನ ಹಣೆಗೆ. "ಕಾಕಾ, ಹಚ್ರಿ," ಎಂದು ಅವನು ತಲೆ ಬಗ್ಗಿಸುವನು. ಹಚ್ಚಿಸಿಕೊಂಡ ದಿನವೆಲ್ಲ ಅವನು ಮೈಯೆಲ್ಲ ಎಣ್ಣೆ ಸವರಿದ ಮೀನು. ಎದುರಾಳಿಗಳ ಕೈಗೆ ಸಿಗುತ್ತಿರಲಿಲ್ಲ.

ಹದಿನಾಲ್ಕನೆಯ ದಿನ ಅಂಜಿನಯ್ಯ ಬರಲಿಲ್ಲ. ಸೆಮಿಫೈನಲ್ ಹಿಂದಿನ ದಿನ ಮುಗಿದು, ಗದಗ ಬೆಂಗಳೂರುಗಳ ನಡುವೆ ಫೈನಲ್ ಎಂದು ಗೊತ್ತಾಗಿತ್ತು. ಗುಡಿಗೆ ಬೀಗ. ಹನುಮಯ್ಯನವರು ಹೊಸ್ತಿಲಲ್ಲೇ ಹಣತೆ ಇಟ್ಟು ಬರುವಷ್ಟರಲ್ಲಿ ಹೆಂಡತಿಯ ಫೋನು.

"ರೀ, ಅಂಜಿನಯ್ಯಂಗೆ ಕೊರೋನಾ ಅಂತೆ. ನಿನ್ನೆಯಿಂದ ಸುಡೋ ಜ್ವರ. ನೀವು ಒಳಗಿದ್ದಿದ್ದು ಒಳ್ಳೇದಾಯ್ತು."

ಹನುಮಯ್ಯನವರು ಮಂಟಪದ ಮೆಟ್ಟಿಲ ಮೇಲೆ ಕೂತರು. ಯಾರೂ ನೋಡಿಲ್ಲ. ಮೈ ತಣ್ಣಗಿದೆ, ಕೆಮ್ಮಿಲ್ಲ. ಬಾಯಿ ಬಿಟ್ಟರೆ ಕಾರ್ಯ ನಿಲ್ಲಬಹುದು, ಅದೂ ತಮ್ಮಿಂದ. ಬಿಡದಿದ್ದರೆ? ಒಳಗೆ ನಲವತ್ತೆಂಟು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಉಸಿರಿಗೆ ಉಸಿರು ತಾಗಿಸಿ ಆಡುವವರು. ಅವರು ಗುಡಿಯ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ಅಮ್ಮನಿಗೆ ಜ್ವರ ಬಂದಿಲ್ಲ, ಬಂದದ್ದು ಅಂಜಿನಯ್ಯನಿಗೆ. ಹಾಗಾದರೆ ಕೈ ಅಂಜಿನಯ್ಯನದೇ. ಇಷ್ಟು ವರ್ಷ ಆ ಕೈಯಿಂದ ತೀರ್ಥ ಕುಡಿದೂ ಅದರ ಹಿಂದೆ ಒಬ್ಬ ಮನುಷ್ಯ ನಿಂತದ್ದು ತಮಗೆ ಕಾಣದೇ ಹೋಯಿತಲ್ಲ ಎಂದು ನಾಚಿಕೆಯಾಯಿತು.

ಎದ್ದು ಹೋಗಿ ಸಿಸ್ಟರಿಂದ ಹತ್ತು ಹೆಜ್ಜೆ ದೂರ ನಿಂತು ಎಲ್ಲ ಹೇಳಿದರು.

"ದಿನಾ ಕೇಳ್ತಿದ್ನಲ್ಲ ಸಾರ್!" ಜ್ಯೋತಿಲಕ್ಷ್ಮಿಯ ದನಿ ಏರಿತು.

"ಹೊರಗಿನವರು ಅಂತ ಕೇಳಿದ್ರಿ ಕಣಮ್ಮ. ಮಾರಮ್ಮ ಹೊರಗಿನವಳು ಅಂತ ನನಗೆ ಹೊಳೀಲಿಲ್ಲ."

ಅವಳ ಮಾಸ್ಕಿನ ಹಿಂದೆ ಸಿಟ್ಟಿತ್ತೋ ನಗುವಿತ್ತೋ ತಿಳಿಯಲಿಲ್ಲ. "ಅಮ್ಮನ್ನ ಬಿಡಿ, ಅವರ ಮೂಗಿಗೆ ನಾನು ಕಡ್ಡಿ ಹಾಕಲ್ಲ. ನೀವು ಒಳಗೆ ಯಾರನ್ನ ಮುಟ್ಟಿದೀರಿ, ಅದನ್ನ ಹೇಳಿ."

ಇದು ಹನುಮಯ್ಯನವರು ಎಣಿಸಿರದ ಪ್ರಶ್ನೆ. ಹಾಲಿನಿಂದ ಅಭ್ಯಾಸದ ಸದ್ದು ಬರುತ್ತಿತ್ತು. ತಮ್ಮ ತಪ್ಪು ಹೇಳುವುದು ಇಷ್ಟು ಕಷ್ಟವಾಗಿರಲಿಲ್ಲ. ಆ ಹುಡುಗ ಆರು ವರ್ಷದಿಂದ ಫೈನಲ್ ಆಡಬೇಕೆಂದು ಕಾದವನು; ಈಗ ಹೆಸರು ಹೇಳಿದರೆ ಅವನನ್ನು ತಾವೇ ಕೈಹಿಡಿದು ಹೊರಗೆ ಕಳಿಸಿದಂತೆ.

"ವೀರೇಶನ್ನ," ಎಂದರು. "ದಿನಾ."

ವೇದಿಕೆಯ ಹಿಂದೆ ವಧೂವರರು ಸಿಂಗರಿಸಿಕೊಳ್ಳುವ ಎರಡು ಕೋಣೆಗಳು, ನಡುವೆ ಒಂದು ತೆಳು ಗೋಡೆ. ವೀರೇಶ ವರನ ಕೋಣೆಗೆ ಹೋದ. ಹನುಮಯ್ಯನವರು ವಧುವಿನ ಕೋಣೆಯಲ್ಲಿ, ಸುತ್ತ ಹತ್ತು ಬಲ್ಬಿನ ಕನ್ನಡಿಯ ಮುಂದೆ ತಮ್ಮ ಮುಖ ತಾವೇ ನೋಡಿಕೊಂಡು ಕೂತರು. ಎಲ್ಲರ ಮೂಗಿಗೂ ಮತ್ತೆ ಕಡ್ಡಿ ಬಿತ್ತು. ಮರುದಿನವೂ ಬಿತ್ತು. ಎರಡು ಸಲವೂ ಯಾರಲ್ಲೂ ಏನೂ ಇಲ್ಲ. ಇವರಿಬ್ಬರಲ್ಲೂ ಇಲ್ಲ. ಆದರೆ ಇವರು ಮಾತ್ರ ಏಳು ದಿನ ಹೊರಗೆ ಬರುವಂತಿಲ್ಲ, ಒಬ್ಬರು ಬಾಗಿಲು ತೆಗೆದಾಗ ಇನ್ನೊಬ್ಬರು ತೆಗೆಯುವಂತಿಲ್ಲ ಎಂದಳು ಸಿಸ್ಟರ್. ಆಟ ನಡೆಯಲಿ ಎಂದಳು.

ಶಶಿಕುಮಾರ್ ಕಿಟಕಿಯಾಚೆ ದೂರ ನಿಂತು, "ಅಂಕಲ್, ಮುಹೂರ್ತಕ್ಕೆ ಕರೀತೀವಿ, ಅಷ್ಟರಲ್ಲಿ ಜಡೆ ಹಾಕ್ಕೊಂಡಿರಿ," ಎಂದು ರೇಗಿಸಿ ಹೋದ. ಹನುಮಯ್ಯನವರಿಗೆ ನಗು ಬರಲಿಲ್ಲ. ಪಕ್ಕದ ಕೋಣೆ ಎರಡು ದಿನವೂ ಉಸಿರೆತ್ತಿರಲಿಲ್ಲ. ಮೂರು ಸಲ ಗೋಡೆಯ ಹತ್ತಿರ ಹೋಗಿ, "ವೀರೇಶಾ, ನನ್ನಿಂದ ತಪ್ಪಾಯ್ತು ಕಣಪ್ಪಾ," ಎಂದಿದ್ದರು.

ಹದಿನಾರನೆಯ ದಿನ ಮಧ್ಯಾಹ್ನ ಫೈನಲ್ ಶುರುವಾಯಿತು. ಹಾಲಿನಲ್ಲಿ ಪ್ರೇಕ್ಷಕರಿಲ್ಲ, ಪಾದಗಳು ಮ್ಯಾಟ್ ತುಳಿಯುವ ಸದ್ದು, ಸೀಟಿ, ಕಬಡ್ಡಿ ಕಬಡ್ಡಿ ಎಂಬ ಉಸಿರು ಮಾತ್ರ. ಹನುಮಯ್ಯನವರಿಗೆ ಒಂದೂ ತಿಳಿಯದು. ಕಣ್ಣು ಮುಚ್ಚಿ ಕೂತಿದ್ದರು.

"ಕಾಕಾ." ಗೋಡೆ ಮಾತಾಡಿತು. "ಈಗ ದಪ್ ಅಂತಲ್ಲಾ, ಅಂವ ನಮ್ಮ ಪಂಚಾಕ್ಷರಿ. ಬೆಂಗ್ಳೂರಿನಂವನ್ನ ಕೆಡವ್ಯಾನ."

"ಹೌದೇನಪ್ಪಾ?" ಹನುಮಯ್ಯನವರು ಗೋಡೆಗೇ ಕಿವಿ ಹಚ್ಚಿದರು.

"ಸುಮ್ಕ ಕೇಳ್ರಿ. ಇದು ಶಶಿಕುಮಾರನ ಉಸಿರು. ಎಮ್ಮಿ ಹಂಗ ಬಿಡ್ತಾನ. ಹಿಡದ್ರು... ಹಿಡದ್ರು... ಥೂ, ಬಿಟ್ರು."

ನಲವತ್ತು ನಿಮಿಷದ ಆಟ ಗೋಡೆಯ ಮೂಲಕವೇ ನಡೆಯಿತು. ಕೊನೆಯ ಸೀಟಿಗೆ ಬೆಂಗಳೂರಿನವರ ಕೂಗು ಚಾವಣಿಗೆ ಮುಟ್ಟಿತು. ಗದಗಿಗೆ ಎರಡು ಅಂಕದ ಸೋಲು. ವೀರೇಶ ಇದ್ದಿದ್ದರೆ ಆ ಎರಡು ಅಂಕ ಅವನ ಕಾಲಬೆರಳಿಗೆ ಬರುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಕಾರ್ಯವೇನೋ ಮುಗಿದಿತ್ತು. ಕೈ ಮುಗಿಯಲು ಹೋದ ಹನುಮಯ್ಯನವರಿಗೆ, ಯಾಕೋ, ಸಂತೋಷ ಪೂರ್ತಿ ಮೇಲೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಎರಡೂ ಬಾಗಿಲ ಹೊರಗೆ ತಟ್ಟೆ ಇಟ್ಟ ಸದ್ದಾಯಿತು.

"ಕಾಕಾ, ವಾಸನಿ ಹೋಳಿಗೀದು. ಗೆದ್ದವರಿಗಷ್ಟ ಏನ್ರಿ, ನಮಗೂ ಐತೋ?"

"ಇದು ಮಂಟಪ ಕಣಪ್ಪಾ. ಸೋತವರಿಗೆ ಬೇರೆ ಪಂಕ್ತಿ ಹಾಕೋ ಪದ್ಧತಿ ಇಲ್ಲಿಲ್ಲ. ನೀನು ಮೊದಲು ಬಾಗಿಲು ತೆಗೆದು ತಟ್ಟೆ ಒಳಗಿಟ್ಕೋ."

"ನೀವು ಹಿರೇರು, ನೀವು ತಗೀರಿ."

"ನಿನ್ನ ವಯಸ್ಸಿಗೆ ಹಸಿವು ಜಾಸ್ತಿ. ತೆಗಿ ಅಂದ್ನಲ್ಲ."

"ಮದುಮಗಳು ಮೊದಲ ಉಣಬೇಕ್ರಿ ಕಾಕಾ," ಎಂದು ವೀರೇಶ ಗೋಡೆಯಾಚೆ ನಕ್ಕ. ಎರಡು ದಿನದಲ್ಲಿ ಅದು ಅವನ ಮೊದಲ ನಗು. ಹನುಮಯ್ಯನವರು ಕಣ್ಣೊರೆಸಿಕೊಂಡು, ಬೈದುಕೊಳ್ಳುತ್ತಲೇ ಚಿಲಕಕ್ಕೆ ಕೈ ಹಾಕಿದರು.