ಸೊನ್ನೆಯ ಕೆಳಗಿನ ಚಳಿ

ಆ ಬೆಳಗ್ಗೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿ, ಕಾಲಿಟ್ಟಲ್ಲೆಲ್ಲ ಕರಕರ ಎನ್ನುತ್ತಿತ್ತು. ಹವಾಮಾನ ಕಚೇರಿಯ ಹಳೆಯ ವೀಕ್ಷಕರು ಅಂಗಳದ ಬಿಳಿ ಪೆಟ್ಟಿಗೆ ತೆರೆದು ಗಾಜಿನ ಉಷ್ಣಮಾಪಕ ನೋಡಿದರು. ಸೊನ್ನೆಗಿಂತ ಎರಡು ಚಿಲ್ಲರೆ ಡಿಗ್ರಿ ಕೆಳಗೆ. ಆದರೆ ಈಗ ಆ ಗಾಜನ್ನು ಕೇಳುವವರು ಯಾರು? ಪಕ್ಕದಲ್ಲೇ ಅವರು ಹಿಂದೊಮ್ಮೆ ಬೆಸುಗೆ ಹಾಕಿ ಕೂರಿಸಿದ ಸಂವೇದಕವಿತ್ತು. ಅದರ ತಂತಿ ಒಳಗಿನ ಕಂಪ್ಯೂಟರಿಗೆ ಹೋಗುತ್ತಿತ್ತು. ನಾಲ್ಕು ತಿಂಗಳಿಂದ ಅಲ್ಲಿನ ಹೊಸ ತಂತ್ರಾಂಶ ಓದಿದ್ದೇ ಲೆಕ್ಕ. ಅದನ್ನು ಬರೆದವಳು ಅವರ ತಂಗಿಯ ಮಗಳು.

ಅವಳು ಪರದೆಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

"ಮಾವ, ಆರು ಸಾವಿರದ ಐನೂರ ಐವತ್ತೊಂದೂವರೆ ಡಿಗ್ರಿ ಅಂತಿದೆ."

"ಹಾಗಿದ್ರೆ ನಾನು ಹೊರಗೇ ಬೂದಿಯಾಗಿರ್ಬೇಕಿತ್ತಲ್ಲ ತಾಯಿ. ನನ್ನ ಮೂಗು ಮುಟ್ಟಿ ನೋಡು."

ಅವಳು ನಗಲಿಲ್ಲ. ಎಂಟು ಗಂಟೆಗೆ ಮುಖ್ಯ ಕಚೇರಿಗೆ ಅಂಕಿ ಹೋಗಬೇಕು. ಉಳಿದದ್ದು ಹನ್ನೆರಡು ನಿಮಿಷ. ಮೂವತ್ತೊಂದು ವರ್ಷಗಳಲ್ಲಿ ಈ ಕಚೇರಿಯ ಪುಸ್ತಕದಲ್ಲಿ ಒಂದು ಬೆಳಗೂ ಖಾಲಿ ಬಿದ್ದಿರಲಿಲ್ಲ. ಮಾವನ ನಿವೃತ್ತಿಗೆ ಇನ್ನು ಐದೇ ದಿನ.

"ನನ್ನ ತಂತ್ರಾಂಶ ಯಾವ ಕಂಪ್ಯೂಟರಿಗೆ ಹಾಕಿದ್ರೂ ಓಡತ್ತೆ ಮಾವ. ಅದಕ್ಕೇ ಅದು ತಂತೀನ ನೇರ ಮುಟ್ಟಲ್ಲ. ನಡುವೆ ಇನ್ನೊಂದು ತಂತ್ರಾಂಶದ ಪದರ ಇದೆ, ಅದು ಹೇಳಿದ್ದನ್ನೇ ನಂಬತ್ತೆ."

"ನಡುವಿನವರ ಮಾತು ನಂಬಿ ಹೆಣ್ಣು ಕೊಟ್ಟ ಹಾಗಾಯ್ತು. ತಂತಿಯಲ್ಲಿ ಬಂದದ್ದನ್ನ ಇದ್ದ ಹಾಗೇ ತೋರಿಸು."

ಅವಳು ತಡಕಾಡಿ ತೆಗೆದಳು: 65515.

ಆ ಅಂಕಿ ಕಂಡದ್ದೇ ಅವರಿಗೆ ಹಳೆಯ ಚಳಿಗಾಲಗಳೆಲ್ಲ ಒಟ್ಟಿಗೆ ನೆನಪಿಗೆ ಬಂದವು. ಇವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪೆಟ್ಟಿಗೆಯ ಬಳಿ ಹೋಗುತ್ತಿದ್ದದ್ದು. "ಉಸಿರು ಬಿಡ್ಬೇಡ, ಗಾಜು ಬಿಸಿಯಾಗತ್ತೆ" ಎಂದರೆ ಇವಳು ಕೆನ್ನೆ ಉಬ್ಬಿಸಿಕೊಂಡೇ ಕೂರುತ್ತಿದ್ದದ್ದು. ದೇವರು ಕಳಿಸಿದ ಚಳಿಯನ್ನು ಕಂಡಷ್ಟೇ ಬರೆಯುವುದು, ಹೆಚ್ಚಿಲ್ಲ, ಕಡಿಮೆಯಿಲ್ಲ. ಅವರಿಗೆ ಗೊತ್ತಿದ್ದ ಪೂಜೆ ಅದೊಂದೇ.

"ಸಂವೇದಕಕ್ಕೆ ಮೈನಸ್ ಗುರುತು ಹಾಕೋಕೆ ಬರಲ್ಲ ಕಣೆ. ಸೊನ್ನೆಯಿಂದ ಕೆಳಗಿಳಿದ್ರೆ ತುತ್ತತುದಿಯಿಂದ ಹಿಂದಕ್ಕೆ ಎಣಿಸತ್ತೆ. ಅದರ ಎಣಿಕೆಯ ಒಂದು ಸುತ್ತು ಅರವತ್ತೈದು ಸಾವಿರದ ಐನೂರ ಮೂವತ್ತಾರು, ಅಷ್ಟನ್ನ ಕಳೆ."

"ಮೈನಸ್ ಇಪ್ಪತ್ತೊಂದು." ಅವಳ ಬೆರಳು ನಿಂತಿತು. "ಅದು ಕಳಿಸೋದು ಡಿಗ್ರಿಯ ಹತ್ತನೇ ಭಾಗಗಳ ಲೆಕ್ಕ, ಹತ್ತರಿಂದ ಭಾಗಿಸಿದ್ರೆ ಮೈನಸ್ ಎರಡು ಪಾಯಿಂಟ್ ಒಂದು. ಸೆಕೆಯಲ್ಲಿ ಕೂತು ಬರೆದದ್ದು ನೋಡಿ, ಚಳಿ ಅನ್ನೋದೊಂದಿದೆ ಅಂತಲೇ ಹೊಳೀಲಿಲ್ಲ."

"ಗಾಜು ಹೇಳಿದ್ದೂ ಅಷ್ಟೇ."

ಅವಳು ಒಂದು ಸಾಲು ಸೇರಿಸಿದಳು. ಎಂಟಕ್ಕೆ ಎರಡು ನಿಮಿಷ ಇರುವಾಗ ಅಂಕಿ ಹೊರಟಿತು.

ಬೆಳಗಿನ ವರದಿಯಲ್ಲಿ ‘ನೋಡಿದವರು’ ಎಂಬಲ್ಲಿ ಈ ನಾಲ್ಕು ತಿಂಗಳೂ ತಂತ್ರಾಂಶವೇ ತನ್ನ ಹೆಸರು ಅಚ್ಚೊತ್ತಿಕೊಳ್ಳುತ್ತಿತ್ತು. ಅವಳು ಅದನ್ನು ಅಳಿಸಿ, ಜಾಗ ಖಾಲಿ ಬಿಟ್ಟು ಮುದ್ರಿಸಿ, ಹಾಳೆಯನ್ನೂ ಪೆನ್ನನ್ನೂ ಮಾವನ ಕೈಗಿಟ್ಟಳು.