ರಾಣಿ, ಕ್ಯಾಪ್ಟನ್ ಮತ್ತು ಹದಿಮೂರು ಮುಖದ ದಾಳ

ಒಂದೇ ಸೂರು, ಒಂದೇ ಒಲೆ, ಒಂದೇ ಅಂಗಡಿ, ಅದರಲ್ಲಿ ಇಬ್ಬರು ವಾರಗಿತ್ತಿಯರು. ಇಷ್ಟು ಹೇಳಿದರೆ ಮುಂದಿನದು ನಿಮಗೇ ಗೊತ್ತು. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ನೋಡಿರುತ್ತೀರಿ.

ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಕಿಟಕಿಯ ಕಡೆಗೆ ದೊಡ್ಡಾಕೆಯ ಮಷೀನು, ಬಾಗಿಲ ಕಡೆಗೆ ಚಿಕ್ಕಾಕೆಯದು. ಒಳಗಿನ ಸಣ್ಣ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜು. ಇಬ್ಬರಿಗೂ ಸೇರಿ ಅಂಗಡಿಯದೊಂದು ಫೋನು. ಗಿರಾಕಿಗಳ ಅಳತೆಯೂ ಅದರಲ್ಲೇ, ಬ್ಯಾಂಕಿನ ಖಾತೆಯೂ ಅದರಲ್ಲೇ. ಒಂದು ಓವರ್‌ಲಾಕ್ ಮಷೀನು ಕೊಳ್ಳಬೇಕೆಂದು ಇಬ್ಬರೂ ವರ್ಷವಿಡೀ ಆ ಖಾತೆಯಲ್ಲಿ ಕೂಡಿಟ್ಟಿದ್ದರು. ಅದೊಂದು ಬಂದರೆ, ಅಂಚು ಹೊಲಿಸಲು ಬಟ್ಟೆಯ ಗಂಟು ಹೊತ್ತುಕೊಂಡು ಬೇರೆ ಅಂಗಡಿಗೆ ಓಡುವ ಕಷ್ಟ ತಪ್ಪುತ್ತಿತ್ತು.

ದೊಡ್ಡಾಕೆಗೆ ಕೆಲಸ ಚೆನ್ನಾಗಿ ಬರುತ್ತಿತ್ತು, ಮಾತು ಇನ್ನೂ ಚೆನ್ನಾಗಿ ಬರುತ್ತಿತ್ತು. ಚಿಕ್ಕಾಕೆಗೆ ಕಾಲರ್ ಕೂರಿಸುವುದನ್ನು ಕಲಿಸಿದ್ದೂ ಅವಳೇ. ಈಗ ಗಿರಾಕಿಗಳು ಬಾಗಿಲಲ್ಲೇ ನಿಂತು "ಚಿಕ್ಕವರು ಇಲ್ವಾ?" ಎನ್ನತೊಡಗಿದ್ದರು. "ಇದ್ದಾಳೆ. ನಾನೇನು ಗೋಡೆಗೆ ಒರಗಿಸಿಟ್ಟ ಗೊಂಬೆನಾ?" ಎಂದು ದೊಡ್ಡಾಕೆ ನಗುನಗುತ್ತಲೇ ಕೇಳುತ್ತಿದ್ದಳು. ಹೊಟ್ಟೆಯೊಳಗೆ ಮಾತ್ರ ಉರಿ.

ಅದನ್ನೂ ಹೇಗೋ ನುಂಗಿಕೊಂಡಾಳು. ನುಂಗಲಾಗದ್ದು ಮಧ್ಯಾಹ್ನದ ನಗು. ಊಟವಾದ ಮೇಲೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಚಿಕ್ಕಾಕೆ ತನ್ನ ಫೋನು ಹಿಡಿದು ಕೂರುವಳು. ಪಕ್ಕದಲ್ಲಿ ಅತ್ತೆ ಕನ್ನಡಕ ಏರಿಸಿಕೊಂಡು ಕೂರುವರು. "ಹಾಕು, ಹಾಕು!" "ಅಯ್ಯೋ, ಸಾಕು ಅನ್ನೇ!" ಎಂದು ಇಬ್ಬರೂ ಬಿದ್ದು ಬಿದ್ದು ನಗುವರು. ಇದೇ ಅತ್ತೆ ಮೊದಲು ಕೂರುತ್ತಿದ್ದದ್ದು ದೊಡ್ಡಾಕೆಯ ಮಗ್ಗುಲಲ್ಲಿ, ಗುಂಡಿ ಹೊಲಿದುಕೊಡುತ್ತ, ಬೀದಿಯ ಸುದ್ದಿಯನ್ನೆಲ್ಲ ಹೇಳುತ್ತ. ಅವರ ಸ್ಟೂಲು ಕಿಟಕಿಯಿಂದ ಬಾಗಿಲಿಗೆ ಸರಿದಿತ್ತು, ಅಷ್ಟೇ. ದೊಡ್ಡಾಕೆಗೆ ಮಾತ್ರ ಅತ್ತೆ ಯಾವುದೋ ಪರದೇಶಕ್ಕೆ ಹೋಗಿಬಿಟ್ಟಂತೆ ಕಾಣುತ್ತಿತ್ತು.

"ಏನದು? ನಮಗೂ ಹೇಳಿದ್ರೆ ನಾವೂ ನಗ್ತೀವಲ್ಲ" ಎಂದಳು ಒಂದು ದಿನ, ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡರಿಸುತ್ತ.

"ವೇಷದ ಆಟ ಅಕ್ಕ" ಎಂದಳು ಚಿಕ್ಕಾಕೆ. "ಫೋನಲ್ಲೇ ಒಂದು ಬಂದರಿನ ಊರು. ಯಾರ್ಯಾರೋ ಎಲ್ಲೆಲ್ಲಿಂದಲೋ ಬಂದು ಒಂದೊಂದು ಪಾತ್ರ ಹಾಕ್ಕೋತಾರೆ. ಪಾತ್ರಕ್ಕೆ ತಕ್ಕ ಹಾಗೆ ಮಾತು ಬರೀಬೇಕು. ನಾನು ಹಡಗಿನ ಕ್ಯಾಪ್ಟನ್. ಅಲ್ಲೊಂದು ಛತ್ರ ಇದೆ, ಅಲ್ಲಿ ಕೂತು ಬ್ಲ್ಯಾಕ್‌ಜಾಕ್ ಆಡ್ತೀವಿ. ಇಸ್ಪೀಟಿನ ಆಟವೇ, ಆದ್ರೆ ಎಲೆ ಇಲ್ಲ, ದಾಳ."

"ಜೂಜು ಅನ್ನು."

"ಹಣ ಇಲ್ಲ ಅಕ್ಕ, ಬರೀ ಕಪ್ಪೆಚಿಪ್ಪು. ದಿನಾ ಬೆಳಗ್ಗೆ ಆಟವೇ ಎಲ್ಲರಿಗೂ ಒಂದೊಂದು ಹಿಡಿ ಕೊಡುತ್ತೆ. ಖಾಲಿ ಆದ್ರೆ ಎದ್ದು ಬರೋದು, ಮತ್ತೆ ನಾಳೆ. ಹಣದ ಆಟ ಆಗಿದ್ರೆ ನಾನು ಆ ಕಡೆ ತಲೆ ಹಾಕಿಯೂ ಮಲಗ್ತಿರ್ಲಿಲ್ಲ."

"ನನ್ ಸೊಸೆ ಕ್ಯಾಪ್ಟನ್ ಕಣೇ!" ಎಂದರು ಅತ್ತೆ. "ಇವಳು ಬಂದ್ಲು ಅಂದ್ರೆ ಛತ್ರದವರೆಲ್ಲ ಎದ್ದು ನಿಲ್ತಾರೆ!"

ನನ್ ಸೊಸೆಯಂತೆ. ಹಾಗಾದರೆ ನಾನೇನು ಬಾಡಿಗೆಗೆ ಬಂದವಳೇ ಎಂದು ದೊಡ್ಡಾಕೆಗೆ ಮೈಯೆಲ್ಲ ಉರಿಯಿತು.

"ನಿನಗೂ ಕಲಿಸ್ಲಾ ಅಕ್ಕ?"

"ನನಗೆ ಕೆಲಸ ಇದೆ ತಾಯಿ" ಎಂದು ಮುಖ ತಿರುಗಿಸಿದಳು.

ಮರುದಿನ ಮಧ್ಯಾಹ್ನ ಅಂಗಡಿಯ ಫೋನು ಎತ್ತಿಕೊಂಡು, "ಅಳತೆ ನೋಡ್ಬೇಕು" ಎಂದು ಕತ್ತರಿಸುವ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹುಡುಕಿ ಹುಡುಕಿ ಅದೇ ಆಟ ಹಾಕಿಕೊಂಡಳು. ಯಾವ ಪಾತ್ರ ಬೇಕೆಂದು ಆಟ ಕೇಳಿತು. ಅವಳು ಕ್ಯಾಪ್ಟನ್ ಆದರೆ ನಾನು ಅವಳಿಗಿಂತ ಒಂದು ಮೆಟ್ಟಿಲಾದರೂ ಮೇಲಿರಬೇಡವೇ? ‘ಮುತ್ತಿನ ರಾಣಿ’ ಎಂದು ಬರೆದಳು.

ಛತ್ರದಲ್ಲಿ ಒಂದು ಉದ್ದದ ಮೇಜು. ಆಟ ನಡೆಸುವವಳು ಛತ್ರದ ಯಜಮಾನಿ. ಮೇಜಿನ ಬದಿಯಲ್ಲಿ ಟೋಪಿ ಇಟ್ಟುಕೊಂಡು ಕ್ಯಾಪ್ಟನ್ ಕೂತಿದ್ದಳು. ರಾಣಿ ಹೋಗಿ ಅವಳ ಪಕ್ಕದಲ್ಲೇ ಕೂತಳು.

"ಮಹಾರಾಣಿಯವರೇ, ಆಟ ಬರುತ್ತಾ?" ಯಜಮಾನಿ ಬರೆದಳು. "ಬರದಿದ್ರೆ ಕೇಳಿ. ಈ ದಾಳಕ್ಕೆ ಹದಿಮೂರು ಮುಖ. ಎರಡರಿಂದ ಹತ್ತರವರೆಗೆ ಬಿದ್ದಷ್ಟೇ ಲೆಕ್ಕ. ಹನ್ನೊಂದು, ಹನ್ನೆರಡು, ಹದಿಮೂರು ಯಾವುದು ಬಿದ್ರೂ ಹತ್ತೇ. ಒಂದು ಬಿದ್ರೆ ಒಂದು ಅಂತಾದ್ರೂ ಇಟ್ಕೊಳ್ಳಿ, ಹನ್ನೊಂದು ಅಂತಾದ್ರೂ ಇಟ್ಕೊಳ್ಳಿ. ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಬಾರದು. ದಾಟಿದ್ರೆ ಮುಳುಗಿದಿರಿ. ಇನ್ನೊಂದು ಸಲ ಬೇಕಾದ್ರೆ ‘ಹಾಕು’, ಬೇಡವಾದ್ರೆ ‘ಸಾಕು’. ನಾನು ಮಾತ್ರ ಹದಿನೇಳು ಆಗೋವರೆಗೆ ನಿಲ್ಲೋ ಹಾಗಿಲ್ಲ."

ದೊಡ್ಡಾಕೆಗೆ ಇದೇನು ಬ್ರಹ್ಮವಿದ್ಯೆ ಅನ್ನಿಸಲಿಲ್ಲ. ದಿನವಿಡೀ ಇಂಚಿನ ಲೆಕ್ಕ ಮಾಡುವವಳಿಗೆ ಇಪ್ಪತ್ತೊಂದು ಯಾವ ದೊಡ್ಡದು?

ಯಜಮಾನಿಯ ದಾಳ ಮೊದಲು ಏಳು ತೋರಿಸಿತು. ರಾಣಿಗೆ ಹನ್ನೆರಡು ಬಿತ್ತು, ಲೆಕ್ಕಕ್ಕೆ ಹತ್ತು. ಆಮೇಲೆ ಎಂಟು. ಹದಿನೆಂಟಾಯಿತು. ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಪಕ್ಕಕ್ಕೆ ಕಣ್ಣು ಹೋಯಿತು. ಕ್ಯಾಪ್ಟನ್‌ಗೆ ಹದಿಮೂರು ಮತ್ತು ಹನ್ನೊಂದು ಬಿದ್ದು ಇಪ್ಪತ್ತು ಆಗಿತ್ತು.

ಇಲ್ಲೂ ನನಗಿಂತ ಎರಡು ಹೆಚ್ಚು ಅವಳಿಗೆ!

"ಹಾಕು!" ಎಂದಳು ರಾಣಿ. ಆರು ಬಿತ್ತು. ಇಪ್ಪತ್ತನಾಲ್ಕಾಗಿ ಮುಳುಗಿದಳು. ಯಜಮಾನಿ ಇನ್ನೊಮ್ಮೆ ಹಾಕಿದಾಗ ಹತ್ತು ಬಿದ್ದು ಹದಿನೇಳಕ್ಕೆ ನಿಂತಳು.

"ಮಹಾರಾಣಿಯವರೇ, ಹದಿನೆಂಟಕ್ಕೇ ಸಾಕು ಅಂದಿದ್ರೆ ನೀವೂ ಗೆಲ್ತಿದ್ರಿ" ಎಂದಳು ಯಜಮಾನಿ. "ನಿಮ್ಮ ಎದುರಾಳಿ ನಾನು. ಕ್ಯಾಪ್ಟನ್ ಅಲ್ಲ. ಪಕ್ಕದವರಿಗೆ ಎಷ್ಟು ಬಿದ್ರೆ ನಿಮಗೇನು?"

ನನಗೇನಂತೆ! ಇದನ್ನು ಹೇಳುವವಳಿಗೆ ವಾರಗಿತ್ತಿ ಇದ್ದಂತಿಲ್ಲ ಎಂದುಕೊಂಡಳು ದೊಡ್ಡಾಕೆ. ಆದರೆ ರಾಣಿಯ ಬಾಯಿ ಸುಮ್ಮನಿರುತ್ತದೆಯೇ? "ನಮ್ಮ ಅರಮನೆಯಲ್ಲಿ ದಾಳಗಳು ನಮ್ಮ ಅಪ್ಪಣೆ ಕೇಳಿ ಬೀಳುತ್ತವೆ. ಈ ಛತ್ರದ ದಾಳಕ್ಕೆ ದೊಡ್ಡವರು ಚಿಕ್ಕವರು ಅನ್ನೋದೇ ಗೊತ್ತಿಲ್ಲ" ಎಂದು ಬರೆದಳು. ಮೇಜಿನ ಸುತ್ತ ನಗುವ ಮುಖಗಳು ಸಾಲಾಗಿ ಬಂದವು. ಅದನ್ನು ನೋಡುವಷ್ಟು ಪುರಸೊತ್ತು ಅವಳಿಗಿರಲಿಲ್ಲ. ಅವಳ ಕಣ್ಣು ಕ್ಯಾಪ್ಟನ್ ಮುಂದಿದ್ದ ಚಿಪ್ಪಿನ ಗುಡ್ಡೆಯ ಮೇಲಿತ್ತು.

ದಿನಾ ಇದೇ ಆಯಿತು. ಕ್ಯಾಪ್ಟನ್ ಹತ್ತೊಂಬತ್ತು ಎಂದರೆ ರಾಣಿಗೆ ಇಪ್ಪತ್ತು ಬೇಕು. ಕ್ಯಾಪ್ಟನ್ ಮುಳುಗಿದ ದಿನ ತಾನು ಸೋತರೂ ಸಂತೋಷ. ಎಲ್ಲರಿಗಿಂತ ಮೊದಲು ಚಿಪ್ಪು ಖಾಲಿಯಾಗುವುದು ರಾಣಿಯದೇ. ಎದ್ದು ಬರುತ್ತಾಳೆಯೇ? ಇಲ್ಲ. ಬರಿಗೈಯಲ್ಲಿ ಕೂತು ಪಕ್ಕದವಳು ಗೆಲ್ಲುವುದನ್ನು ನೋಡುತ್ತಿದ್ದಳು. ಹೊರಗೆ ಅತ್ತೆ ಚಪ್ಪಾಳೆ ತಟ್ಟುವುದು ಗೋಡೆ ದಾಟಿ ಕೇಳುತ್ತಿತ್ತು. ಆ ಸಿಟ್ಟಿನಲ್ಲಿ ಒಂದು ಶಾಲೆಯ ಅಂಗಿಗೆ ಎರಡೂ ಎಡಗೈ ತೋಳುಗಳನ್ನೇ ಕತ್ತರಿಸಿಟ್ಟಳು.

ಹೀಗಿರುವಾಗ ರಾಣಿಗೆ ಒಂದು ಗುಟ್ಟಿನ ಸಂದೇಶ ಬಂತು. ಬರೆದವನ ಹೆಸರು ‘ವ್ಯಾಪಾರಿ’.

"ಮಹಾರಾಣಿ, ನಿಮ್ಮಂಥವರು ಆ ಕ್ಯಾಪ್ಟನ್ ಮುಂದೆ ಸೋಲೋದು ನೋಡೋಕಾಗಲ್ಲ. ನನ್ನ ಹತ್ತಿರ ಗೆಲ್ಲೋ ದಾಳ ಇದೆ. ಮೂಟೆಗಟ್ಟಲೆ ಚಿಪ್ಪೂ ಕೊಡ್ತೀನಿ. ಒಂದು ಪೈಸೆ ಬೇಡ."

"ಆ ಕ್ಯಾಪ್ಟನ್ ಸೋಲ್ತಾಳಾ?" ಅವಳು ಕೇಳಿದ್ದು ಅಷ್ಟೇ ನೋಡಿ.

"ನಾಳೆಯಿಂದ ಅವಳು ಛತ್ರಕ್ಕೆ ಬರೋಕೇ ನಾಚಬೇಕು. ನಿಮ್ಮ ಫೋನ್ ನಂಬರ್ ಕೊಡಿ, ಯಾವ ಬ್ಯಾಂಕು ಹೇಳಿ. ಇದು ಬರೀ ಗುರುತಿಗೆ. ಒಂದು ಆರಂಕಿ ಸಂಖ್ಯೆ ಬರುತ್ತೆ, ಅದನ್ನ ನನಗೆ ಕಳಿಸಿ. ಮುಗೀತು."

ನಂಬರ್ ಕೊಟ್ಟಳು. ಬ್ಯಾಂಕಿನ ಹೆಸರು ಹೇಳಿದಳು. ಟಿಂಗ್ ಎಂದು ಆರಂಕಿ ಬಂತು. ಅದರ ಕೆಳಗೆ ಇನ್ನೇನೋ ಬರೆದಿತ್ತು, ಓದಲಿಲ್ಲ. ವರ್ಷವಿಡೀ ಕೂಡಿಟ್ಟದ್ದೆಲ್ಲ ಇದೇ ಫೋನಿನಲ್ಲಿದೆ ಎಂಬುದು ನೆನಪಿಗೇ ಬರಲಿಲ್ಲ. ಒಂದೊಂದೇ ಅಂಕಿ ಒತ್ತತೊಡಗಿದಳು.

ಹೊರಗಿನಿಂದ ಚಿಕ್ಕಾಕೆಯ ದನಿ ಕೇಳಿತು. ತನ್ನ ಬಗ್ಗೆಯೇ ಏನೋ ಹೇಳುತ್ತಿರಬೇಕೆಂದು ದೊಡ್ಡಾಕೆಯ ಕಿವಿ ನೆಟ್ಟಗಾಯಿತು.

"ಅತ್ತೆ, ಆ ಮುತ್ತಿನ ರಾಣಿ ಇದ್ದಾಳಲ್ಲ, ಅವಳನ್ನ ಕಂಡ್ರೆ ನಿಜವಾಗ್ಲೂ ನನಗೆ ಹೊಟ್ಟೆಕಿಚ್ಚು."

"ದಿನಾ ಸೋಲ್ತಾಳೆ, ಅವಳ ಮೇಲೆ ಯಾತಕ್ಕೇ?"

"ಸೋತ್ರೇನು? ಅವಳು ಒಂದು ಮಾತು ಅಂದ್ರೆ ಇಡೀ ಛತ್ರ ನಗುತ್ತೆ. ನಾನು ಗೆದ್ರೂ ಯಾರೂ ಕೇಳಲ್ಲ, ಎಲ್ಲಾರೂ ರಾಣಿ ಬಂದ್ಲಾ ರಾಣಿ ಬಂದ್ಲಾ ಅಂತಾರೆ. ನಾನು ಅರ್ಧ ಗಂಟೆ ಯೋಚ್ನೆ ಮಾಡಿದ್ರೂ ಅಂಥ ಒಂದು ಮಾತು ಬರಲ್ಲ." ಚಿಕ್ಕಾಕೆ ಮತ್ತೆ ಹೇಳಿದಳು: "ಆದ್ರೆ ಅವಳಿಗೆ ಹೇಗಾದ್ರೂ ಒಂದು ಮಾತು ಮುಟ್ಟಿಸಬೇಕು. ವ್ಯಾಪಾರಿ ಅಂತ ಒಬ್ಬ ಕಳ್ಳ ಸುತ್ತಾಡ್ತಿದ್ದಾನಂತೆ. ಚಿಪ್ಪು ಕೊಡ್ತೀನಿ ಅಂತ ಹೇಳಿ ಬ್ಯಾಂಕಿನ ಓಟಿಪಿ ಇಸ್ಕೊಂಡು ಖಾತೆ ಗುಡಿಸಿ ಗುಂಡಾಂತರ ಮಾಡ್ತಾನಂತೆ. ಯಜಮಾನಿ ಈಗ ತಾನೇ ಎಲ್ಲರಿಗೂ ಬರೆದಿದ್ದಾಳೆ. ಪಾಪ, ರಾಣಿ ಹೊಸಬಳು, ಅದನ್ನ ನೋಡಿದ್ಲೋ ಇಲ್ವೋ."

ದೊಡ್ಡಾಕೆ ಫೋನು ನೋಡಿದಳು. ಐದು ಅಂಕಿ ಒತ್ತಿಯಾಗಿತ್ತು. ಬ್ಯಾಂಕಿನ ಸಂದೇಶದ ಕೆಳಗೆ ಬರೆದದ್ದನ್ನು ಈಗ ಓದಿದಳು. ‘ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ’ ಎಂದಿತ್ತು.

ಬಾಗಿಲು ತೆಗೆದು ಹೊರಗೆ ಬಂದಳು. "ಆ ರಾಣಿ ನಾನೇ ಕಣೇ."

ಚಿಕ್ಕಾಕೆ ತಟ್ಟನೆ ಎದ್ದು ನಿಂತಳು. ಅತ್ತೆ ಮಾತ್ರ ಕನ್ನಡಕ ತೆಗೆದು ಒರೆಸಿದರು. "ಅದಕ್ಕೇ ನೋಡು, ಆ ರಾಣಿ ಬಾಯಿ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ಕೊಂಡೆ!"

ನಗುವ ಹೊತ್ತಾಗಿರಲಿಲ್ಲ. ದೊಡ್ಡಾಕೆ ಫೋನು ಮುಂದೆ ಹಿಡಿದು ವ್ಯಾಪಾರಿಯ ಸಂದೇಶ ತೋರಿಸಿದಳು. "ಕಳಿಸಿಬಿಟ್ಟೆಯಾ ಅಕ್ಕ?"

"ಒಂದಂಕಿ ಬಾಕಿ."

ಚಿಕ್ಕಾಕೆ ಫೋನು ಕಿತ್ತುಕೊಂಡು ಬರೆದದ್ದನ್ನೆಲ್ಲ ಅಳಿಸಿದಳು. ವ್ಯಾಪಾರಿಯ ಸಂದೇಶ ಇನ್ನು ಬಾರದಂತೆ ತಡೆದಳು. ಬ್ಯಾಂಕಿನ ಪಾಸ್‌ಬುಕ್ಕಿನ ಮೇಲಿದ್ದ ಸಂಖ್ಯೆಗೇ ಫೋನು ಮಾಡಿ ನಡೆದದ್ದನ್ನು ಹೇಳಿದಳು. ಅವರು ಹೇಳಿದಂತೆ ಗುಪ್ತ ಸಂಖ್ಯೆ ಬದಲಾಯಿಸಿ, ಸೈಬರ್ ಪೊಲೀಸರಿಗೂ ತಿಳಿಸಿದಳು. ಖಾತೆಯಲ್ಲಿದ್ದದ್ದು ಇದ್ದಂತೆಯೇ ಇತ್ತು.

"ಗೆಲ್ಲೋ ದಾಳ ಅಂತ ಒಂದಿರುತ್ತಾ ಅಕ್ಕ? ದಾಳ ಹಾಕೋದು ಆಟವೇ. ನಾವು ಬಟನ್ ಒತ್ತೋದು ಮಾತ್ರ. ಅದನ್ನ ಮಾರೋಕೆ ಯಾರಿಗಾಗುತ್ತೆ?" ಎಂದಳು ಚಿಕ್ಕಾಕೆ. "ನಿನ್ನಂಥ ಜಾಣೆ ಹೇಗೆ ನಂಬಿದೆ?"

"ನಂಬಿದ್ದಲ್ಲ" ಎಂದಳು ದೊಡ್ಡಾಕೆ. ಮುಖ ಕೆಳಗೆ ಹಾಕಿದ್ದಳು. "ನಿನ್ನನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು ಕಣೇ. ಗಿರಾಕಿಗಳು ನಿನ್ನನ್ನೇ ಕೇಳ್ತಾರೆ. ಅತ್ತೆ ನಿನ್ನ ಹತ್ರ ಕೂರ್ತಾರೆ. ಅಲ್ಲಾದ್ರೂ ನಿನ್ನನ್ನ ಸೋಲಿಸ್ಬೇಕು ಅನ್ನೋದೊಂದೇ ತಲೇಲಿತ್ತು. ಮಿಕ್ಕಿದ್ದೇನೂ ಕಾಣ್ಲಿಲ್ಲ."

ಚಿಕ್ಕಾಕೆ ಫೋನನ್ನು ಅವಳ ಕೈಗೇ ಮರಳಿಸಿದಳು. "ಅವನಿಗೆ ಅದೇ ಬೇಕಾಗಿದ್ದದ್ದು ಅಕ್ಕ. ಯಾರು ಸೋತ್ರು ಅಂತ ನೋಡಲ್ಲ ಅಂಥವರು. ಯಾರು ಪಕ್ಕದವರನ್ನೇ ನೋಡ್ತಾ ಕೂತಿದ್ದಾರೆ ಅಂತ ನೋಡ್ತಾರೆ."

ಅತ್ತೆಗೂ ಮುಖ ಸಣ್ಣದಾಗಿತ್ತು. "ನೀನು ಅಷ್ಟು ನೊಂದ್ಕೊಂಡಿದ್ದೀಯ ಅಂತ ಒಂದು ಮಾತು ಹೇಳಬಾರದಾ? ನನಗೇನು ಗೊತ್ತು, ನಿನಗೆ ಕೆಲಸ ಅಂತ ಸುಮ್ಮನಿದ್ದೆ" ಎಂದರು. ಆಮೇಲೆ, "ನನಗೂ ಒಂದು ವೇಷ ಹಾಕಿಕೊಡ್ರೇ. ರಾಣಿ ಚಿಪ್ಪಿನ ಮೇಲೂ ಕ್ಯಾಪ್ಟನ್ ಚಿಪ್ಪಿನ ಮೇಲೂ ಸುಂಕ ವಸೂಲಿ ಮಾಡೋ ಅಧಿಕಾರಿ" ಎಂದರು.

ಮರುದಿನ ಮೂವರೂ ಛತ್ರದಲ್ಲಿ. ಯಜಮಾನಿಯ ದಾಳ ಐದು ತೋರಿಸಿತ್ತು. ರಾಣಿಗೆ ಹದಿನಾರು, ಕ್ಯಾಪ್ಟನ್‌ಗೆ ಹತ್ತೊಂಬತ್ತು. ದೊಡ್ಡಾಕೆಯ ಹೊಟ್ಟೆಯಲ್ಲಿ ಹಳೇ ಉರಿ ಎದ್ದಿತು. ಹೋಯಿತು ಎಂದರೆ ಸುಳ್ಳಾಗುತ್ತದೆ, ಒಂದೇ ದಿನಕ್ಕೆ ಹೋಗುವ ಜಾತಿಯದಲ್ಲ ಅದು. ಆದರೂ ಹಲ್ಲು ಕಚ್ಚಿ "ಸಾಕು" ಎಂದಳು. ಯಜಮಾನಿಗೆ ಹತ್ತು ಬಿತ್ತು, ಹದಿನೈದು. ನಿಲ್ಲುವಂತಿಲ್ಲ. ಮತ್ತೆ ಹಾಕಿದಾಗ ಒಂಬತ್ತು ಬಿದ್ದು ಇಪ್ಪತ್ತನಾಲ್ಕಕ್ಕೆ ಮುಳುಗಿದಳು. ಹದಿನಾರೂ ಗೆದ್ದಿತು, ಹತ್ತೊಂಬತ್ತೂ ಗೆದ್ದಿತು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಫೋನಿನಲ್ಲಿ ಆಟ ಆಡುವುದೇ ಬೇಡ ಎನ್ನಲು ಈ ಕಥೆ ಹೇಳಲಿಲ್ಲ. ಆಡಿ, ನಗಿ. ಆಟದ ಚಿಪ್ಪು ಆಟದೊಳಗೇ ಇರಲಿ, ಮುಗಿದಾಗ ಎದ್ದು ಬನ್ನಿ. ಚಿಪ್ಪಿನ ಜಾಗಕ್ಕೆ ನಿಜವಾದ ಹಣ ಹಾಕು ಎಂದು ಯಾರಾದರೂ ಕರೆದರೆ ಅದು ಆಟವಲ್ಲ, ಆ ಮೇಜಿಗೆ ಕೂರಲೇಬೇಡಿ. ಬ್ಯಾಂಕಿನಿಂದ ಬಂದ ಓಟಿಪಿಯನ್ನು ರಾಜ ಕೇಳಲಿ, ವ್ಯಾಪಾರಿ ಕೇಳಲಿ, ಬ್ಯಾಂಕಿನವನೇ ಎಂದು ಹೇಳಿಕೊಂಡು ಕೇಳಲಿ, ಕೊಡಬೇಡಿ. ಕೊಟ್ಟುಬಿಟ್ಟಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ, ತಕ್ಷಣ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ.

ಈ ಮಾತನ್ನು ಇವತ್ತೇ ಇನ್ನೊಬ್ಬರಿಗೆ ಹೇಳಿ. ಯಾರಿಗೆ ಎಂದು ಯೋಚಿಸಬೇಕಾಗಿಲ್ಲ. ಯಾರನ್ನು ಕಂಡರೆ ನಿಮಗೆ ಹೊಟ್ಟೆ ಉರಿಯುತ್ತದೋ, ಮೊದಲು ಅವರಿಗೇ ಹೇಳಿ.